ಕಿಲ್ಲೇದ ಸುರಂಗಕ್ಕೆ ಟಿಕೆಟ್ ಎಷ್ಟು?

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಅದರಲ್ಲಿ ಹೆಚ್ಚಿನ ಪಾಲು ಕಲಬುರಗಿಯಿಂದ ಬೀದರಕ್ಕೆ ಹೋಗುವ ಗಾಡಿಗಳಲ್ಲೇ ಕಳೆಯಿತು. ಗಂಜ್ ದಾಟಿ ಹುಮನಾಬಾದ್ ರಸ್ತೆ ಹಿಡಿದರೆ ಮಹಾಗಾಂವ್ ಕ್ರಾಸ್, ನಮ್ಮೂರು ಕಮಲಾಪುರ, ಆಮೇಲೆ ಹುಮನಾಬಾದ್. ತೊಗರಿ ಸುಗ್ಗಿಯ ಒಂದು ದಿನ, ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿ ಪಕ್ಕ ಕೂತಿದ್ದ ರುಮಾಲಿನ ಮುದುಕರೊಬ್ಬರು ಟಿಕೆಟ್ಟಿಗೆ ಕೈ ಚಾಚುತ್ತ ಅಂದರು: “ಕಂಡಕ್ಟರ್ ಸಾಹೇಬ್ರ, ನಿಮ್ಮ ಬಸ್ಸು ಬೀದರಕ್ಕ ಮ್ಯಾಲಿಂದ ಹೋಗ್ತದ. ಬಾದಶಾಹನ ಕುದುರಿ ಕೆಳಗಿಂದ ಹೋಗ್ತಿತ್ತು. ಕಿಲ್ಲೇದಾಗ ಸುರಂಗ ಅದ, ಗೊತ್ತದ ಇಲ್ಲೋ?”

“ಕೆಳಗಿಂದ ಹೋದ್ರ ಟಿಕೆಟ್ ಎಷ್ಟ್ರಿ ಮುತ್ಯಾ?” ಅಂದೆ.

“ಟಿಕೆಟ್ ಇರ್ಲಿಲ್ಲಪ್ಪಾ. ನೋಡಿದವರ ತಲಿ ಹೋಗ್ತಿತ್ತು.”

ಇಡೀ ಗಾಡಿ ನಕ್ಕಿತು. ನಾನು ಮಾತ್ರ ಅರ್ಧ ನಕ್ಕೆ. ಯಾಕೆಂದರೆ ಆ ಸುರಂಗ ನನಗೆ ಹೊಸದಲ್ಲ. ಕಮಲಾಪುರದ ನಮ್ಮ ಮನೆಯಲ್ಲಿ ಆಯಿ ಬೀಸುಕಲ್ಲಿನ ಮುಂದೆ ಕೂತು ಅದೇ ಸುರಂಗವನ್ನು ನಮ್ಮ ಪಡಸಾಲೆಯ ಕೆಳಗಿಂದಲೇ ಹಾಯಿಸಿಬಿಟ್ಟಿದ್ದಳು. ಕಲಬುರಗಿ ಕಿಲ್ಲೇದಾಗ ಹೊಕ್ಕರೆ ಬೀದರ ಕಿಲ್ಲೇದಾಗ ಹೊರಗೆ. ನಡುವೆ ಕಮಲಾಪುರ, ನಡುವಿನಲ್ಲೂ ನಡುವೆ ನಮ್ಮ ಮನೆ. ಅಮಾಸಿ ರಾತ್ರಿ ನೆಲಕ್ಕೆ ಕಿವಿ ಹಚ್ಚಿದರೆ ಕುದುರೆಯ ಕಾಲಸಪ್ಪಳ ಕೇಳುತ್ತದೆ ಎನ್ನುತ್ತಿದ್ದಳು. ನಾನು ಹಚ್ಚಿದ್ದೇನೆ. ಕೇಳಿಯೂ ಇದ್ದೇನೆ. ನಮ್ಮ ಮನೆಯಿಂದ ಹೆದ್ದಾರಿ ಕೂಗಳತೆ ದೂರ, ರಾತ್ರಿಯೆಲ್ಲ ಲಾರಿ ಓಡುತ್ತವೆ ಎಂಬುದು ಆ ವಯಸ್ಸಿನಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಸುರಂಗ ಇದೆ ಎಂದು ವಾದಿಸಲು ಇದನ್ನು ಬರೆಯುತ್ತಿಲ್ಲ. ನನ್ನ ತಕರಾರು ಬೇರೆ. ಇವತ್ತು ಕಲಬುರಗಿ ಕೋಟೆಗೆ ಹೋದವರ ಕಿವಿಗೆ ಬೀಳುವುದು ಎರಡೇ ಮಾತು. ಒಂದು, ಜಗತ್ತಿನಲ್ಲೇ ಉದ್ದದ ತೋಪು ನಮ್ಮದು. ಎರಡು, ಒಳಗಿನ ಜಾಮಿ ಮಸೀದಿ ಸ್ಪೇನ್ ದೇಶದ ಕಾರ್ಡೋಬಾ ಮಸೀದಿಯ ನಕಲು. ಎರಡನ್ನೂ ಹೇಳಿ, ತೋಪಿನ ಮೇಲೆ ಕೈಯಿಟ್ಟು ಒಂದು ಫೋಟೋ ಹೊಡೆದರೆ ಕೋಟೆ ಮುಗಿಯಿತು. ಆಯಿಯ ಸುರಂಗವೂ ಇಲ್ಲ, ಮಸೀದಿ ಕಟ್ಟಿದವನ ಹೆಸರೂ ಇಲ್ಲ. ಕಥೆಯನ್ನೂ ಕಳಕೊಂಡೆವು, ಇತಿಹಾಸವನ್ನೂ ಕಳಕೊಂಡೆವು, ಉಳಿಸಿಕೊಂಡದ್ದು ಬರೀ ಬಡಾಯಿ.

ತೋಪಿನ ಮಾತು ಮೊದಲು. ಬಾರಾ ಗಜಿ ತೋಪ್ ಎಂದು ಅದರ ಹೆಸರು, ಹನ್ನೆರಡು ಗಜದ ತೋಪು ಎಂದರ್ಥ. ಉದ್ದ 29 ಅಡಿ ಎನ್ನುತ್ತಾರೆ. ಉದ್ದದಲ್ಲಿ ಜಗತ್ತಿಗೇ ಮೊದಲೋ ಎರಡನೆಯದೋ ಎಂದು ಫೋನಿನಲ್ಲಿ ಹುಡುಕುವ ಹುಡುಗರನ್ನು ನೋಡಿದ್ದೇನೆ. ಅದನ್ನು ಹೇಗೆ ಮಾಡಿದರು ಎಂದು ಕೇಳಿದವರನ್ನು ನೋಡಿಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ಬಿಗಿದು ಬಡಿದ ಕೆಲಸ ಅದು. ಎತ್ತಿನ ಗಾಡಿಯ ಗಾಲಿಗೆ ಹಳಿ ಕೂಡಿಸುವ ಕಮ್ಮಾರನ ವಿದ್ಯೆಯೇ, ಅದರ ಅಣ್ಣ ಅನ್ನಿ. ವಿಜಯಪುರದ ಮಲಿಕ್-ಎ-ಮೈದಾನ್ ಹಾಗಲ್ಲ. ಅದು 1549ರಲ್ಲಿ ಅಹಮದನಗರದಲ್ಲಿ ಅಚ್ಚಿಗೆ ಲೋಹ ಹೊಯ್ದು ಮಾಡಿದ ತೋಪು. ಅದರ ಬಾಯಿಯಲ್ಲಿ ಸಿಂಹವೊಂದು ಆನೆಯನ್ನು ನುಂಗುತ್ತಿದೆ. ಎರಡು ತೋಪು, ಎರಡು ಬೇರೆ ವಿದ್ಯೆ. ಈ ಮಾತನ್ನು ಹತ್ತು ವರ್ಷದ ಕೂಸಿಗೆ ಹೇಳಿದರೆ ಅದು ಮನೆಗೆ ಹೋಗುವ ದಾರಿಯಲ್ಲಿ ಕಮ್ಮಾರನ ಅಂಗಡಿ ಮುಂದೆ ನಿಲ್ಲುತ್ತದೆ. 29 ಅಡಿ ಎಂದಷ್ಟೇ ಹೇಳಿದರೆ ಐಸ್‌ಕ್ರೀಮ್ ಗಾಡಿ ಮುಂದೆ ನಿಲ್ಲುತ್ತದೆ.

ಇನ್ನು ಮಸೀದಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕಲಬುರಗಿಯಲ್ಲಿ ನನಗೆ ಅತಿ ಪ್ರೀತಿಯ ಜಾಗ ಅದು. ಮೇ ತಿಂಗಳಲ್ಲಿ ಮಧ್ಯಾಹ್ನದ ಶಿಫ್ಟ್ ಇದ್ದಾಗ ಎಷ್ಟೋ ಸಲ ಅಲ್ಲಿ ಹೋಗಿ ಕೂತು ಬಂದಿದ್ದೇನೆ. ನಮ್ಮ ಬಿಸಿಲು ಗೊತ್ತಲ್ಲ, ಮೆಟ್ಟಿನ ಅಡಿ ಸುಡುತ್ತದೆ. ಆದರೆ ಆ ಕಮಾನಿನ ಕೆಳಗೆ ಒಂದು ಹೆಜ್ಜೆ ಇಟ್ಟರೆ ಸಾಕು, ಬಿಸಿಲು ಹೊರಗೇ ನಿಲ್ಲುತ್ತದೆ. ಸಾಮಾನ್ಯವಾಗಿ ಜಾಮಿ ಮಸೀದಿಗೆ ಮುಂದೆ ತೆರೆದ ಅಂಗಳ ಇರುತ್ತದೆ, ಆಕಾಶವೇ ಚಾವಣಿ. ಇಲ್ಲಿ ಅಂಗಳವೇ ಇಲ್ಲ. 216 ಅಡಿಗೆ 176 ಅಡಿಯ ಇಡೀ ಜಾಗವನ್ನು ಗುಮ್ಮಟಗಳಿಂದ ಮುಚ್ಚಿಬಿಟ್ಟಿದ್ದಾರೆ. ಕಿಬ್ಲಾ, ಅಂದರೆ ಮೆಕ್ಕಾ ದಿಕ್ಕಿನ ಕಡೆ ಒಂದು ದೊಡ್ಡದು, ಮೂಲೆಗೊಂದರಂತೆ ನಾಲ್ಕು, ನಡುವೆ ಸಣ್ಣವು ಸಾಲು ಸಾಲು. ಗೋಡೆ ಮುಚ್ಚುವ ಕಡೆ ತೆರೆದು, ತೆರೆಯುವ ಕಡೆ ಮುಚ್ಚಿದ್ದಾರೆ. ಅದಕ್ಕೇ ಗಾಳಿ ಬದಿಯಿಂದ ಬರುತ್ತದೆ, ಬೆಳಕು ನೆಲದ ಮೇಲೆ ಜಾರಿಕೊಂಡು ಬರುತ್ತದೆ. ಸುತ್ತಿನ ಓಣಿಯ ಕಮಾನುಗಳು ಗಿಡ್ಡ ಕಾಲಿನವು, ಅಗಲ ಭುಜದವು, ತೂಕ ಹೊತ್ತ ಹಮಾಲನ ಹಾಗೆ ತುಸು ಬಾಗಿ ನಿಂತಿವೆ. ಇಂಥ ಕಟ್ಟಡ ಮಸೀದಿಗಿಂತ ಮೊದಲು ದರ್ಬಾರಿನ ಸಭಾಂಗಣವಾಗಿತ್ತೇನೋ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಆ ವಾದ ಒಪ್ಪಲಿ ಬಿಡಲಿ, ಕೇಳಿದ ಮೇಲೆ ಆ ಕಂಬಗಳ ನಡುವೆ ನಡೆಯುವ ರೀತಿಯೇ ಬೇರೆಯಾಗುತ್ತದೆ.

ಇದನ್ನು ಕಟ್ಟಿದವನ ಹೆಸರು ಕಲ್ಲಿನ ಮೇಲೇ ಇದೆ. ರಫಿ. ಶಂಸನ ಮಗ, ಮನ್ಸೂರನ ಮೊಮ್ಮಗ, ಊರು ಕಜ್ವೀನ್. ಇಸವಿ 1367, ಮೊದಲನೆಯ ಮಹಮ್ಮದ್ ಶಾಹ ಬಹಮನಿಯ ಕಾಲ. ಕಜ್ವೀನ್ ಇರುವುದು ಇರಾನಿನಲ್ಲಿ, ಸ್ಪೇನಿನಲ್ಲಲ್ಲ. ಕಾರ್ಡೋಬಾದಲ್ಲಿ ಕಿತ್ತಳೆ ಗಿಡಗಳ ದೊಡ್ಡ ತೆರೆದ ಅಂಗಳವಿದೆ, ಒಂದರ ಮೇಲೊಂದು ಎರಡು ಅಂತಸ್ತಿನ ಕೆಂಪು-ಬಿಳಿ ಪಟ್ಟೆಯ ಕಮಾನುಗಳಿವೆ. ನಮ್ಮದರಲ್ಲಿ ಎರಡೂ ಇಲ್ಲ. ಎಂದೋ ಯಾರೋ ಹೋಲಿಸಿ ಬರೆದರು, ನಾವು ಅದನ್ನು ಕೊರಳಿಗೆ ತಾಯಿತ ಮಾಡಿ ಕಟ್ಟಿಕೊಂಡೆವು. ನಮ್ಮ ಮನೆಯ ಸೊಸೆ ಚಂದ ಇದ್ದಾಳೆ ಎಂದು ಹೇಳುವುದಕ್ಕೆ ಪಕ್ಕದ ಊರಿನ ಸೊಸೆಯ ಹೆಸರು ಯಾಕೆ ಬೇಕು?

ಕೋಟೆ ಕಟ್ಟಿದವರಾರು ಎಂಬ ಜಗಳವನ್ನೂ ಬಸ್ಸಿನಲ್ಲೇ ಕೇಳಿದ್ದೇನೆ. ಒಬ್ಬರು, ವಾರಂಗಲ್ಲಿನ ಕಾಕತೀಯರ ಸಾಮಂತ ಗುಲ್‌ಚಂದ್ ರಾಜನೇ ಮೊದಲು ಕಟ್ಟಿದ್ದು ಎಂದರು. ಇನ್ನೊಬ್ಬರು, ಏನಿದ್ದರೂ ಹಸನ್ ಗಂಗೂ ಬಹಮನಿಯೇ ಎಂದರು. ಮಾತಿಗೆ ಮಾತು ಏರಿ ರುಮಾಲು ಟೋಪಿ ಎರಡೂ ಬಿಸಿಯಾದವು. ಕಮಲಾಪುರ ಸ್ಟಾಪಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಯ ಹೆಣ್ಣುಮಗಳು ಕಿಟಕಿಗೆ ಬಂದಳು. ಇಬ್ಬರೂ ಹಣ್ಣು ಕೈಗೆತ್ತಿಕೊಂಡರು. ದರ ಕೇಳಿದ್ದೇ ತಡ, ಗುಲ್‌ಚಂದನನ್ನೂ ಹಸನನನ್ನೂ ಬಿಟ್ಟು ಇಬ್ಬರೂ ಒಂದಾಗಿ ಆಕೆಯ ಮೇಲೆ ಬಿದ್ದರು. ಕೆಂಪು ಬಾಳೆ ಸೋವಿ ಹಣ್ಣಲ್ಲ. ಸುತ್ತೆಲ್ಲ ಎರೆ ಭೂಮಿ, ನಮ್ಮ ಕಮಲಾಪುರದ ಮಣ್ಣು ಮಾತ್ರ ಕೆಂಪು. ಆ ಮಣ್ಣಿಗೇ ಆ ರುಚಿ. ಈಗ ಅದಕ್ಕೆ ಭೌಗೋಳಿಕ ಗುರುತಿನ ಸರ್ಕಾರಿ ಮುದ್ರೆಯೂ ಬಿದ್ದಿದೆ. ಬಾಳೆಹಣ್ಣಿಗೆ ಸಿಕ್ಕ ಕಾಗದಪತ್ರ ಆಯಿಯ ಕಥೆಗೆ ಸಿಗಲಿಲ್ಲ ಎಂಬುದಷ್ಟೇ ನನ್ನ ಹೊಟ್ಟೆಕಿಚ್ಚು.

ಹಸನ್ ಗಂಗೂನ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಿಲ್ಲಿಯಲ್ಲಿ ಗಂಗೂ ಎಂಬ ಬ್ರಾಹ್ಮಣ ಜೋಯಿಸ. ಅವನ ಹೊಲ ಉಳುವ ಆಳು ಹಸನ್. ಒಂದು ದಿನ ನೇಗಿಲಿಗೆ ಏನೋ ತಗುಲಿ, ಅಗೆದರೆ ಬಂಗಾರದ ನಾಣ್ಯಗಳ ಕೊಪ್ಪರಿಗೆ. ಹಸನ್ ಅದನ್ನು ಹಾಗೇ ತಂದು ಧಣಿಯ ಮುಂದೆ ಇಟ್ಟ. ಧಣಿ ಅವನ ಜಾತಕ ನೋಡಿ, ನೀನು ದೊರೆಯಾಗುತ್ತಿ, ಆದಾಗ ನನ್ನ ಹೆಸರು ನಿನ್ನ ಹೆಸರಿಗೆ ಸೇರಿಸು ಎಂದ. ಆ ಆಳು 1347ರ ಆಗಸ್ಟ್ 3ರಂದು ದೌಲತಾಬಾದಿನಲ್ಲಿ ಪಟ್ಟಕ್ಕೆ ಬಂದು, ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಅಹಸನಾಬಾದ್ ಎಂದು ಕರೆದ. ಈ ಕಥೆ ಬರೆದವನು ಫರಿಶ್ತಾ, ನಮ್ಮ ಪಕ್ಕದ ವಿಜಯಪುರದಲ್ಲೇ ಕೂತು, ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ. ಆಗ ಹಸನ್ ಸತ್ತು ಎರಡೂವರೆ ಶತಮಾನ ಸರಿದಿತ್ತು. ಇತಿಹಾಸಕಾರರು ಈ ಕಥೆಯನ್ನು ನಂಬುವುದಿಲ್ಲ. ಬಹಮನ್ ಎಂಬುದು ಪಾರಸಿ ಪುರಾಣದ ಇಸ್ಫಂದಿಯಾರನ ಮಗನ ಹೆಸರು, ಬ್ರಾಹ್ಮಣನದಲ್ಲ ಎನ್ನುತ್ತಾರೆ. ಒಪ್ಪಿದೆ.

ಆದರೂ ಈ ಕಥೆಯನ್ನು ಬಿಸಾಡುವುದು ಹೇಗೆ? ಬಾದಶಾಹನಾದವನ ಮೊದಲ ಗುಣ ಪ್ರಾಮಾಣಿಕತೆ ಇರಬೇಕೆಂದು ಬಯಸಿದ ಜನ ಕಟ್ಟಿದ ಕಥೆ ಇದು. ಕತ್ತಿ ಹಿಡಿದು ರಾಜ್ಯ ಗೆದ್ದವನಿಗೆ ಜನ ಕೊಟ್ಟದ್ದು ನೇಗಿಲು. ಅದೂ ಸಿಕ್ಕ ಬಂಗಾರ ತಿರುಗಿ ಕೊಟ್ಟವನ ನೇಗಿಲು. ಚಿಲ್ಲರೆ ಮರಳಿ ಕೊಡದ ಕಂಡಕ್ಟರ್ ಎಂದು ಬೈಸಿಕೊಂಡ ನಾನು ಈ ಕಥೆಯನ್ನು ಬೇರೆಯವರಿಗಿಂತ ಹೆಚ್ಚು ಗೌರವಿಸುತ್ತೇನೆ.

ಈಗ ಸ್ವಲ್ಪ ದೂರದ ಊರಿಗೆ ಕರೆದೊಯ್ಯುತ್ತೇನೆ, ಸಿಟ್ಟಾಗಬೇಡಿ. ನನ್ನ ಕಿರಿಯ ಮಗಳು ನರ್ಸ್. ಅಳಿಯ ಮತ್ತು ಮೊಮ್ಮಗಳ ಜೊತೆ ಐರ್ಲೆಂಡ್ ದೇಶದ ಟಿಪ್ಪರೇರಿ ಎಂಬ ಕಡೆ ಇದ್ದಾಳೆ. ಎರಡು ವರ್ಷದ ಹಿಂದೆ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದಳು. ಜುಲೈ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕ್ಯಾಶೆಲ್ ಎಂಬ ಊರು ನೋಡಿದೆ. ಜನಸಂಖ್ಯೆ ಐದು ಸಾವಿರದ ಆಸುಪಾಸು, ನಮ್ಮ ಮಹಾಗಾಂವದಂಥ ಊರು ಅನ್ನಿ. ಊರ ತಲೆಯ ಮೇಲೆ ಒಂದು ಬಂಡೆ, ಬಂಡೆಯ ಮೇಲೆ ಕೋಟೆಯಂಥ ಹಾಳು ದೇವಾಲಯಗಳು, ಒಂದು ದುಂಡು ಗೋಪುರ. ಕ್ಯಾಶೆಲ್ ಎಂದರೆ ಅವರ ಭಾಷೆಯಲ್ಲಿ ಕಲ್ಲಿನ ಕೋಟೆ ಎಂದೇ ಅರ್ಥವಂತೆ. ಕಲಬುರಗಿ ಎಂದರೆ ಕಲ್ಲಿನ ನೆಲ ಎಂದು ನಮ್ಮಲ್ಲೂ ಹೇಳುತ್ತಾರೆ. ಕಲ್ಲಿನ ಊರಿನಿಂದ ಕಲ್ಲಿನ ಊರಿಗೆ ವಿಮಾನ ಹತ್ತಿ ಹೋದೆ ಎಂದು ಹೆಂಡತಿ ನಕ್ಕಳು.

ಅಲ್ಲಿ ಊರು ತೋರಿಸುವ ಹುಡುಗಿ ಮೊದಲು ಹೇಳಿದ್ದು ದೆವ್ವದ ಕಥೆ. ಸೈತಾನ ಹಾರಿಹೋಗುವಾಗ ಸಿಟ್ಟಿಗೆ ಒಂದು ಗುಡ್ಡವನ್ನು ಕಚ್ಚಿದನಂತೆ, ಹಲ್ಲು ನೊಂದು ಉಗುಳಿದ ತುತ್ತೇ ಈ ಬಂಡೆಯಂತೆ. ಉತ್ತರಕ್ಕಿರುವ ಆ ಗುಡ್ಡದಲ್ಲಿ ಇವತ್ತಿಗೂ ಕಚ್ಚಿದ ಗುರುತಿನ ಸಂದು ಇದೆ, ಹೆಸರೇ ಸೈತಾನನ ತುತ್ತು. ಇಷ್ಟು ಹೇಳಿ ಉಸಿರು ತೆಗೆದುಕೊಂಡು ಆಕೆಯೇ ಮುಂದುವರಿಸಿದಳು: ಈ ಬಂಡೆ ಸುಣ್ಣಕಲ್ಲು, ಆ ಗುಡ್ಡ ಮರಳುಗಲ್ಲು, ಅದರ ತುತ್ತು ಇದಾಗಲಾರದು. ಎರಡನ್ನೂ ಹೇಳಿದಳು, ಒಂದೇ ಮುಖದಲ್ಲಿ, ಒಂದನ್ನು ಹೇಳಿ ಇನ್ನೊಂದಕ್ಕೆ ನಾಚದೆ. ಅಲ್ಲಿ ನಿಂತಾಗಲೇ ನನಗೆ ನಮ್ಮ ಕಿಲ್ಲೇದ ನೆನಪಾಗಿ ಹೊಟ್ಟೆಯಲ್ಲಿ ಏನೋ ಆಯಿತು.

ಆಮೇಲೆ ಆಕೆ ಹೇಳಿದ ಇನ್ನೊಂದು ಕಥೆಗೆ ನಾನು ಕೂತೇಬಿಟ್ಟೆ. ಸಂತ ಪ್ಯಾಟ್ರಿಕ್ ಈ ಬಂಡೆಯ ಮೇಲೆ ಏಂಗಸ್ ಎಂಬ ರಾಜನಿಗೆ ದೀಕ್ಷೆ ಕೊಡುತ್ತಿದ್ದ. ಕೈಯಲ್ಲಿದ್ದ ದಂಡದ ಚೂಪು ತುದಿ ಗೊತ್ತಿಲ್ಲದೆ ರಾಜನ ಪಾದದ ಮೇಲೆ ಊರಿತು. ಪಾದ ತೂತಾಗಿ ರಕ್ತ ಹರಿಯಿತು. ರಾಜ ಕಮಕ್ ಕಿಮಕ್ ಎನ್ನಲಿಲ್ಲ. ಮುಗಿದ ಮೇಲೆ ಸಂತ ಗಾಬರಿಯಾಗಿ ಯಾಕೆ ಹೇಳಲಿಲ್ಲ ಎಂದರೆ, ಇದೂ ದೀಕ್ಷೆಯದೇ ಭಾಗ ಅಂದುಕೊಂಡೆ ಎಂದ.

ಇದನ್ನು ನಾನು ಕೇಳಿದ್ದೇನೆ! ಬೇರೆ ಹೆಸರಿನಲ್ಲಿ, ಕಲಬುರಗಿಯಲ್ಲಿ. ಸೂಫಿ ಸಂತ ಖ್ವಾಜಾ ಬಂದೇನವಾಜರಿಗೆ ಗೇಸುದರಾಜ್ ಎಂಬ ಹೆಸರು ಬಂದದ್ದು ಹೇಗೆ ಎಂದು ಉರುಸಿಗೆ ಹೋಗುವ ಯಾರನ್ನೇ ಕೇಳಿ. ಗೇಸುದರಾಜ್ ಎಂದರೆ ಉದ್ದ ಕೂದಲಿನವನು. ದಿಲ್ಲಿಯಲ್ಲಿ ಗುರು ನಸೀರುದ್ದೀನ್ ಚಿರಾಗರ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಅವರ ಉದ್ದ ಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಬೇಕೆಂದರೆ ಗುರುವಿನ ಪಲ್ಲಕ್ಕಿ ನಿಲ್ಲಿಸಬೇಕು. ಅವರು ನಿಲ್ಲಿಸಲಿಲ್ಲ, ನೋವು ನುಂಗಿಕೊಂಡೇ ನಡೆದರು. ಒಬ್ಬನಿಗೆ ಪಾದ, ಇನ್ನೊಬ್ಬರಿಗೆ ಕೂದಲು. ಐರ್ಲೆಂಡಿನ ಆ ಹುಡುಗಿಗೆ ಇದನ್ನು ಮಗಳ ಬಾಯಿಂದ ಹೇಳಿಸಿದೆ. ಆಕೆ ಪುಟ್ಟ ಪುಸ್ತಕ ತೆಗೆದು ಬಂದೇನವಾಜ್ ಎಂದು ಬರೆದುಕೊಂಡಳು. ನಮ್ಮ ಊರಿನಲ್ಲಿ ಯಾರೂ ಬರೆದುಕೊಳ್ಳದ ಕಥೆ ಅಲ್ಲಿ ಬರೆಯಿಸಿಕೊಂಡಿತು.

ಈ ಖ್ವಾಜಾರು 1400ರ ಸುಮಾರಿಗೆ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ತೈಮೂರನ ದಾಳಿಗೆ ದಿಲ್ಲಿ ಬಿಟ್ಟು ಇಲ್ಲಿಗೆ ಬಂದರು. ಬರಮಾಡಿಕೊಂಡವನು ಬಹಮನಿ ದೊರೆ ಫಿರೋಜ್ ಶಾಹ. ಮೊದಲು ಅವರ ಖಾನಕಾ, ಅಂದರೆ ಸೂಫಿ ಮಠ, ಕೋಟೆಯ ಸಮೀಪವೇ ಇತ್ತು. ಜನ ಮುಗಿಬೀಳತೊಡಗಿದ ಮೇಲೆ ದೊರೆಗೆ ಅದು ಸರಿ ಕಾಣದೆ, ಕೋಟೆಯಿಂದ ದೂರ ಹೋಗಬೇಕಾಯಿತು. ದೊರೆ ಮಗನಿಗೆ ಪಟ್ಟ ಕಟ್ಟಬೇಕೆಂದರೆ ಖ್ವಾಜಾರು ದೊರೆಯ ತಮ್ಮ ಅಹಮದನ ಕಡೆ ವಾಲಿದರು. 1422ರಲ್ಲಿ ಪಟ್ಟ ಅಹಮದನಿಗೇ ಹೋಯಿತು, ಅದೇ ವರ್ಷ ಫಿರೋಜನೂ ಖ್ವಾಜಾರೂ ತೀರಿಕೊಂಡರು. ಇವತ್ತು ಫಿರೋಜನ ಜೋಡು ಗುಮ್ಮಟ ಇರುವ ಹಫ್ತ್ ಗುಂಬಜಿನಲ್ಲಿ ಪಾರಿವಾಳಗಳಿವೆ. ಖ್ವಾಜಾರ ದರ್ಗಾದಲ್ಲಿ ನಿಲ್ಲಲು ಜಾಗವಿಲ್ಲ. ಎರಡಕ್ಕೂ ಬಸ್ಸಿನಲ್ಲಿ ಜನ ಇಳಿಸಿದವನು ನಾನು, ಲೆಕ್ಕ ನನಗೆ ಗೊತ್ತು.

ರಾಜಧಾನಿ ಬೀದರಕ್ಕೆ ಹೋದದ್ದಕ್ಕೂ ಕಥೆ ಇದೆ. ಬೇಟೆಗೆ ಹೋದ ಅಹಮದ್ ಶಾಹನ ನಾಯಿಗಳ ಮೇಲೆ ಒಂದು ನರಿ ತಿರುಗಿಬಿತ್ತಂತೆ, ಇಂಥ ಕೆಚ್ಚಿನ ಮಣ್ಣಿನಲ್ಲೇ ಊರು ಕಟ್ಟಬೇಕೆಂದ. ಇದೇ ಕಥೆ ಮೊಲದ ವೇಷದಲ್ಲಿ ಹಂಪಿಯಲ್ಲಿದೆ, ಅಹಮದಾಬಾದಿನಲ್ಲೂ ಇದೆ. ಆ ಪ್ರಾಣಿಯ ಹತ್ತಿರ ಬಸ್ ಪಾಸ್ ಇದ್ದಿರಬೇಕು.

ಐರ್ಲೆಂಡಿಗೂ ನಮಗೂ ಇನ್ನೊಂದು ನಂಟು ಇದೆ, ಅದು ತಿಳಿದದ್ದು ತಿರುಗಿ ಬಂದ ಮೇಲೆ. ಸುರಪುರದಲ್ಲಿ ಆಳಿದ ಮೆಡೋಸ್ ಟೇಲರ್ ಸಾಹೇಬನ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತು. 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು. ಕಲಬುರಗಿಯ ಚೋರ್ ಗುಂಬಜಿನಲ್ಲಿ ಠಕ್ಕರು ಕದ್ದ ಮಾಲು ಅಡಗಿಸುತ್ತಿದ್ದರು ಎಂಬ ಮಾತಿಗೆ ಜನ ಅವನ ಹೆಸರನ್ನೇ ಸಾಕ್ಷಿ ಕೊಡುತ್ತಾರೆ. ಚೋರ್ ಅಲ್ಲ, ಅದು ಶೋರ್, ಒಳಗೆ ಕೂಗಿದರೆ ಮಾರ್ದನಿ ಕೊಡುತ್ತದಲ್ಲ ಅದಕ್ಕೆ ಎನ್ನುವವರೂ ಇದ್ದಾರೆ. ಒಂದು ಅಕ್ಷರದಲ್ಲಿ ಕಳ್ಳ ಗದ್ದಲವಾಗುತ್ತಾನೆ. ಟೇಲರ್ ಕೆಲಸ ಬಿಟ್ಟ ಮೇಲೆ ನೆಲೆಸಿದ್ದು ಡಬ್ಲಿನ್ ಹತ್ತಿರ. ಭೀಮೆಯ ದಂಡೆಯ ಜೇವರ್ಗಿ ಸೀಮೆಯಲ್ಲಿ ತಾನು ಅಗೆದು ನೋಡಿದ ಕಲ್ಲುಗೋರಿಗಳನ್ನು ಐರ್ಲೆಂಡಿನ ಕಲ್ಲುಗೋರಿಗಳ ಪಕ್ಕ ಇಟ್ಟು, 1860ರ ದಶಕದಲ್ಲಿ ಅಲ್ಲಿನ ರಾಯಲ್ ಐರಿಷ್ ಅಕಾಡೆಮಿಗೆ ದೊಡ್ಡ ಪ್ರಬಂಧ ಬರೆದ. ಎರಡನ್ನೂ ಒಂದೇ ಜನ ಕಟ್ಟಿದ್ದೆಂಬ ಅವನ ಊಹೆಯನ್ನು ಈಗ ಯಾರೂ ಒಪ್ಪುವುದಿಲ್ಲ. ಆದರೆ ಜೇವರ್ಗಿಯ ಹೊಲದ ಕಲ್ಲನ್ನು ಜಗತ್ತಿನ ಕಲ್ಲುಗಳ ಜೊತೆ ಕೂರಿಸಿ ನೋಡಿದ. ನಾವು ಇನ್ನೂ ಕಾರ್ಡೋಬಾ ಎನ್ನುತ್ತ ಕೂತಿದ್ದೇವೆ.

ನಾನು ಕೇಳುವುದು ದೊಡ್ಡದೇನಲ್ಲ. ಕೋಟೆಯಲ್ಲಿ ಎರಡು ಥರದ ಫಲಕ ಹಾಕಿ. ಒಂದರ ತಲೆಬರಹ ‘ಹಿಂಗದ’. ಅದರಲ್ಲಿ ರಫಿಯ ಹೆಸರು, ಅವನ ಅಪ್ಪನ ಹೆಸರು, ಊರು, 1367, ತೋಪು ಬಡಿದ ವಿಧಾನ, ಕಂದಕಕ್ಕೆ ನೀರು ನಿಲ್ಲಿಸುತ್ತಿದ್ದ ಬಗೆ. ಎರಡನೆಯದರ ತಲೆಬರಹ ‘ಹಿಂಗಂತಾರ’. ಅದರಲ್ಲಿ ಗುಲ್‌ಚಂದ್, ಗಂಗೂನ ಕೊಪ್ಪರಿಗೆ, ಬಂದೇನವಾಜರ ಕೂದಲು, ಬೀದರದ ನರಿ, ಆಯಿಯ ಸುರಂಗ. ಎರಡೂ ಕನ್ನಡದಲ್ಲಿ, ಜೊತೆಗೆ ಉರ್ದುವಿನಲ್ಲಿ. ಶರಣಬಸವೇಶ್ವರರ ಗುಡಿಗೂ ಇದನ್ನೇ ಮಾಡಬಹುದು. 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿ 1822ರಲ್ಲಿ ಲಿಂಗೈಕ್ಯರಾದರು ಎಂಬುದು ಮೊದಲ ಫಲಕಕ್ಕೆ, ಕಾಳು ತಿನ್ನುವ ಹಕ್ಕಿಗಳನ್ನು ಓಡಿಸದೆ ನೀರಿಟ್ಟ ಹೊಲದಲ್ಲಿ ರಾಶಿ ಕಡಿಮೆಯಾಗಲಿಲ್ಲ ಎಂಬುದು ಎರಡನೆಯದಕ್ಕೆ.

ವಾಟ್ಸ್‌ಆ್ಯಪ್ ಕಾಲದಲ್ಲಿ ಸುಳ್ಳುಕಥೆಗೆ ಫಲಕ ಬೇರೆ ಹಾಕಬೇಕೇ ಎಂದು ನಮ್ಮ ಓಣಿಯ ಮೇಷ್ಟ್ರು ಬೈದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಕಥೆ ಎಂದು ಹಣೆಯ ಮೇಲೆ ಬರೆದುಕೊಂಡು ಬಂದ ಕಥೆಯಿಂದ ಯಾರಿಗೂ ಗಾಯವಾಗಿಲ್ಲ. ಗಾಯ ಮಾಡುವುದು ಇತಿಹಾಸದ ಅಂಗಿ ತೊಟ್ಟು ಬಂದ ಕಥೆ. ಇವತ್ತು ಒಬ್ಬರಿಗೆ ಗುಲ್‌ಚಂದ್ ಮಾತ್ರ ಬೇಕು, ಇನ್ನೊಬ್ಬರಿಗೆ ಬಹಮನ್ ಶಾಹ ಮಾತ್ರ ಬೇಕು. ಗಂಗೂ ಮತ್ತು ಹಸನ್ ಇಬ್ಬರೂ ಇರುವ ಕಥೆ ಇಬ್ಬರಿಗೂ ಬೇಡ. ಅದಕ್ಕೇ ಅದನ್ನು ಕಲ್ಲಿನ ಮೇಲೆ ಬರೆಸಬೇಕು ಎನ್ನುತ್ತೇನೆ.

ಫಲಕಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಕೋಟೆಯ ಒಳಗೆ ತಲೆತಲಾಂತರದಿಂದ ಮನೆ ಮಾಡಿಕೊಂಡ ಕುಟುಂಬಗಳಿದ್ದವು, ಅವರನ್ನು ತೆರವು ಮಾಡಬೇಕೆಂಬ ಮಾತು ಹೈಕೋರ್ಟಿನ ತನಕ ಹೋಯಿತು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬುರುಜಿನ ನೆರಳಿನಲ್ಲಿ ಹುಟ್ಟಿ ಮುದುಕರಾದವರಿಗೆ ಯಾವ ಬುರುಜಿಗೆ ಏನಂತಾರೆ, ಯಾವ ಬಾವಿಯ ನೀರು ಸಿಹಿ, ಯಾವ ಮೂಲೆಯಲ್ಲಿ ಯಾರ ಹೆಸರಿನಲ್ಲಿ ಊದುಬತ್ತಿ ಹಚ್ಚುತ್ತಿದ್ದರು ಎಂಬುದು ಗೊತ್ತು.

ಅವರನ್ನು ಕೂರಿಸಿ ಮಾತಾಡಿಸಿ ಬರೆದುಕೊಳ್ಳಲು ಎಷ್ಟು ಖರ್ಚು? ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಹುಡುಗರ ಕಿಸೆಯಲ್ಲಿ ರೆಕಾರ್ಡ್ ಮಾಡುವ ಫೋನ್ ಇದೆ. ಒಂದು ಬೇಸಿಗೆ ರಜೆ ಸಾಕು. ನಮ್ಮ ಬಸ್ಸುಗಳಲ್ಲಿ ಸುಮ್ಮನೆ ಹುಮನಾಬಾದಿನವರೆಗೆ ಹೋಗಿ ಬಂದರೂ ಒಂದು ಪುಸ್ತಕವಾಗುತ್ತದೆ. ನಡುವೆ ಹೊಳಕುಂದಾದ ಗುಮ್ಮಟಗಳು ಕಂಡಾಗ ಕಿಟಕಿ ಪಕ್ಕದವರನ್ನು ಇದೇನ್ರಿ ಎಂದು ಕೇಳಿದರೆ ಆಯಿತು, ಉಳಿದದ್ದು ಅವರೇ ಹೇಳುತ್ತಾರೆ.

ಸುರಂಗದ ಮಾತು ಅರ್ಧಕ್ಕೇ ಬಿಟ್ಟಿದ್ದೆ. ಬೀದರ ಹತ್ತಿರದ ನೌಬಾದಿನಲ್ಲಿ ನಿಜವಾಗಿ ನೆಲದಡಿ ಸುರಂಗವಿದೆ. ಬಹಮನಿ ಕಾಲದ ಕರೇಜ್. ಕಿಲೋಮೀಟರುಗಟ್ಟಲೆ ಕೊರೆದು, ನಡುನಡುವೆ ಗಾಳಿ ಬಾವಿಗಳನ್ನು ಬಿಟ್ಟು, ಅಂತರ್ಜಲವನ್ನು ಇಳಿಜಾರಿನಲ್ಲಿ ಹರಿಸಿದ ಪಾರಸಿ ವಿದ್ಯೆ ಅದು. ಹೂಳು ತುಂಬಿ ಮರೆತೇಹೋಗಿದ್ದನ್ನು ಈಚಿನ ವರ್ಷಗಳಲ್ಲಿ ತೆಗೆದು ನೋಡಿದರು. ಬಾದಶಾಹನ ಕುದುರೆ ಹೋಗುವಷ್ಟು ಅಗಲವಿಲ್ಲ, ಹೋಗುತ್ತಿದ್ದದ್ದು ನೀರು. ನೀರಿನ ಸುರಂಗವನ್ನು ಕಂಡ ಯಾರೋ, ಆರು ನೂರು ವರ್ಷದಲ್ಲಿ ಬಾಯಿಂದ ಬಾಯಿಗೆ ಅದನ್ನು ಅಗಲ ಮಾಡುತ್ತ, ಉದ್ದ ಮಾಡುತ್ತ, ಕಮಲಾಪುರದ ನಮ್ಮ ಬೀಸುಕಲ್ಲಿನ ಕೆಳಗೆ ತಂದು ನಿಲ್ಲಿಸಿದರೋ ಏನೋ. ಇದು ನನ್ನ ಊಹೆ, ‘ಹಿಂಗಂತಾರ’ ಫಲಕಕ್ಕೆ ಸೇರಿಸಿಕೊಳ್ಳಿ.

ಕಳೆದ ಡಿಸೆಂಬರಿನಲ್ಲಿ ಮಗಳು ರಜೆಗೆ ಬಂದಿದ್ದಳು. ಆರು ವರ್ಷದ ಮೊಮ್ಮಗಳಿಗೆ ಬೀದರ ಕೋಟೆ ತೋರಿಸಬೇಕೆಂದು ರೈಲು ಹತ್ತಿದೆವು. ಬಸ್ಸಿನವನು ರೈಲು ಹತ್ತಿದ್ದಕ್ಕೆ ಡಿಪೋದ ಗೆಳೆಯರು ಕ್ಷಮಿಸಲಿ. ಕಲಬುರಗಿ-ಬೀದರ ರೈಲು ಮಾರ್ಗ ದಶಕಗಳ ಕಾಲ ಬರೀ ಮಾತಾಗಿದ್ದು, ಕಡೆಗೆ 2017ರ ಅಕ್ಟೋಬರಿನಲ್ಲಿ ಶುರುವಾಯಿತು. ನಮ್ಮ ಕಮಲಾಪುರದ ಸೀಮೆಯಲ್ಲಿ, ಮರಗುತ್ತಿ ಹತ್ತಿರ, ಗುಡ್ಡ ಅಡ್ಡ ಬಂದಿತ್ತು. ಒಂದೂವರೆ ಕಿಲೋಮೀಟರಿಗೂ ಉದ್ದಕ್ಕೆ ಕೊರೆದಿದ್ದಾರೆ. ಡಬ್ಬಿಯೊಳಗೆ ಒಮ್ಮೆಲೇ ಕತ್ತಲೆಯಾದಾಗ ಮೊಮ್ಮಗಳು ನನ್ನ ತೋಳು ಹಿಡಿದಳು. ಹಿಂದಿನ ರಾತ್ರಿ ನಾನೇ ಆಯಿಯ ಕಥೆ ಹೇಳಿ ಮಲಗಿಸಿದ್ದೆ.

“ಮುತ್ಯಾ, ಇದೇನಾ ಅದು?”

“ಹೂಂ” ಅಂದೆ.

ಆಕೆ ಕಿಟಕಿಯ ಸರಳಿಗೆ ಕಿವಿ ಹಚ್ಚಿ ಕೂತಳು, ಕುದುರೆ ಕೇಳಿಸಬಹುದೆಂದು.